ಕಲ್ಯಾಣದ ಇಪ್ಪತ್ತು ಸುಖಗಳು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ಶಾಲೆಯ ಪಠ್ಯಗಳು ಎರಡೇ ಸಾಲಿನಲ್ಲಿ ಮುಗಿಸುತ್ತವೆ: ಆರನೆಯ ವಿಕ್ರಮಾದಿತ್ಯನ ಮಗ, ಆಳಿದ್ದು 1126ರಿಂದ 1138ರವರೆಗೆ. ಅದೇ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲೇ ಹುಟ್ಟಿ, ಇಲ್ಲಿಯ ಮಕ್ಕಳಿಗೇ ಇತಿಹಾಸ ಹೇಳಿಕೊಟ್ಟ ನನಗೆ ಅಷ್ಟು ಸಾಲದು. ಅಪ್ಪನ ಯುದ್ಧಗಳಿಗಿಂತ ಮಗ ಬರೆದ ಪುಸ್ತಕ ನನಗೆ ದೊಡ್ಡದು.

1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ಇಪ್ಪತ್ತರ ಐದು ಭಾಗ, ಒಟ್ಟು ನೂರು ಅಧ್ಯಾಯಗಳಿವೆ. ಮೊದಲ ಎರಡು ಭಾಗಗಳಲ್ಲಿ ರಾಜ್ಯ ಪಡೆಯುವ, ಉಳಿಸಿಕೊಳ್ಳುವ ಮಾತು. ಮೂರನೆಯದಕ್ಕೆ ಬಂದರೆ ದೊರೆ ಕತ್ತಿ ಕೆಳಗಿಟ್ಟು ಮನೆಯೊಳಗೆ ಬರುತ್ತಾನೆ. ಅಲ್ಲಿರುವುದು ಇಪ್ಪತ್ತು ಭೋಗಗಳ ವಿವರ. ಅರಮನೆಯ ಆಡಂಬರವೂ ಉಂಟು, ಚಾಮರ, ಆಭರಣ, ಸಭೆ. ಆದರೆ ಅವುಗಳ ಸಾಲಿನಲ್ಲೇ ಮೀಯುವುದು, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಚಪ್ಪಲಿ, ಕೊಡೆ, ಹಾಸಿಗೆ, ಎಲೆ ಅಡಿಕೆ, ಹೂವಿನ ಮಾಲೆ, ಮಕ್ಕಳ ಒಡನಾಟ ಕೂತಿವೆ. ನೀರು ಕುಡಿಯುವುದಕ್ಕೇ ಒಂದು ಅಧ್ಯಾಯ!

ಅದಕ್ಕೆ ಅವನಿಟ್ಟ ಹೆಸರು ಪಾನೀಯಭೋಗ. ಮಳೆಯ ನೀರು, ಹೊಳೆಯ ನೀರು, ಕೆರೆಯ ನೀರು, ಬಾವಿಯ ನೀರು ಎಂದು ಬೇರೆಬೇರೆ ಮಾಡಿ, ಯಾವ ಕಾಲಕ್ಕೆ ಯಾವುದು ಹಿತ, ಹೇಗೆ ಸೋಸಬೇಕು, ಹೇಗೆ ಸುವಾಸನೆ ಕಟ್ಟಬೇಕು ಎಂದು ಹೇಳುತ್ತಾ ಹೋಗುತ್ತಾನೆ. ಬೀದರ ಸೀಮೆಯ ಏಪ್ರಿಲ್ ಬಿಸಿಲು ಕಂಡವರಿಗೆ ಈ ಆಸ್ಥೆ ಅತಿ ಅನ್ನಿಸುವುದಿಲ್ಲ. ನಮ್ಮ ಅವ್ವ ಯುಗಾದಿ ಹೊತ್ತಿಗೆ ಹೊಸ ಹರವಿ ತರುತ್ತಿದ್ದಳು. ಕೆಳಗೆ ಉಸುಕು ಹಾಸಿ, ಮೈಗೆ ಹಸಿ ಬಟ್ಟೆ ಸುತ್ತಿ, ಒಳಗೆ ಒಂದು ಹಿಡಿ ಲಾವಂಚದ ಬೇರು. ಒಂದು ಸಲ ಈ ಅಧ್ಯಾಯವನ್ನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿ, “ರಾಜಾಗ ನೀರಿನ ರುಚಿ ಗೊತ್ತಿತ್ತು ಬಿಡು ತಮ್ಮಾ” ಅಂದಳು. ಪಂಡಿತರು ಬರೆದ ವಿಮರ್ಶೆಗಳನ್ನು ಓದಿದ್ದೇನೆ. ಇದಕ್ಕಿಂತ ತೂಕದ ಮಾತು ಅವುಗಳಲ್ಲಿ ಸಿಕ್ಕಿಲ್ಲ.

ಅನ್ನಭೋಗದ ಅಧ್ಯಾಯ ಹೆಚ್ಚು ಜನರಿಗೆ ಗೊತ್ತು, ಇಡ್ಲಿಯ ಕಾರಣಕ್ಕೆ. ಅಲ್ಲಿ ಬರುವ ‘ಇಡ್ಡರಿಕಾ’ ಉದ್ದಿನದು. ಅಕ್ಕಿ ಬೆರೆಸುವ ಮಾತಿಲ್ಲ. ಮೆಣಸು, ಜೀರಿಗೆ, ಇಂಗು ಹಾಕುತ್ತಿದ್ದರು. ಮೆಣಸಿನಕಾಯಿ ಆಗಿನ್ನೂ ಈ ನೆಲಕ್ಕೆ ಬಂದಿರಲಿಲ್ಲ, ಅದನ್ನು ತಂದವರು ಪೋರ್ಚುಗೀಸರು. ಸೋಮೇಶ್ವರನಿಗಿಂತ ಸುಮಾರು ನೂರು ವರ್ಷ ಮೊದಲೇ, 1025ರ ಸುಮಾರಿನಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಯ ಮಾತನ್ನು ಕನ್ನಡದಲ್ಲೇ ಬರೆದಿದ್ದ. ಅದೇ ಪುಸ್ತಕದಲ್ಲಿ ನೆಲದಡಿಯ ನೀರು ಗುರುತಿಸುವ ಬಗೆಯೂ ಇದೆ. ಬಾವಿ ತೋಡುವವರಿಗೂ ಒಲೆ ಹಚ್ಚುವವರಿಗೂ ಒಂದೇ ಗ್ರಂಥ! ದಿನದಿನದ ಬದುಕು ಬರೆದಿಡಬೇಕಾದ ವಿದ್ಯೆ ಎಂದು ಈ ಚಾಲುಕ್ಯರ ಕಾಲ ನಂಬಿತ್ತು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಸ್ನಾನಭೋಗ ಓದುವಾಗ ಮಾತ್ರ ಮನಸ್ಸು ಬೇರೆ ಕಡೆ ಹೊರಳುತ್ತದೆ. ಹೂವಿನ ಕಂಪು ಕೂಡಿಸಿದ ಎಳ್ಳೆಣ್ಣೆ, ಅದನ್ನು ಮೈಗೆ ತಿಕ್ಕುವ ಆಳುಗಳು. ಆ ನೀರು ಸೇದಿದವರು ಯಾರು? ಎಳ್ಳು ಗಾಣಕ್ಕೆ ಹಾಕಿದವರು, ಸೌದೆ ಹೊತ್ತವರು, ಒದ್ದೆ ಬಟ್ಟೆ ಒಗೆದವರು? ನೂರು ಅಧ್ಯಾಯದಲ್ಲಿ ಅವರ ಸುಖಕ್ಕೆಂದು ಮೀಸಲಾದದ್ದು ಒಂದೂ ಇಲ್ಲ.

ಅವರ ಹೆಸರು ಕೇಳಬೇಕಾದರೆ ಕೆಲವು ದಶಕ ಕಾಯಬೇಕು. ಕಲಚುರಿ ದೊರೆ ಬಿಜ್ಜಳನ ಕಾಲಕ್ಕೆ ಇದೇ ಊರಿನಲ್ಲಿ ಬಸವಣ್ಣನ ಸುತ್ತ ಸೇರಿದವರಲ್ಲಿ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ ಇದ್ದ, ಸೌದೆ ಮಾರುವ ಮೋಳಿಗೆ ಮಾರಯ್ಯ ಇದ್ದ, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದ. ಅರಸ ಸೋಮೇಶ್ವರ ಸುಖವನ್ನು ಉಪಭೋಗದಲ್ಲಿ ಕಂಡರೆ ಇವರು ಕಾಯಕದಲ್ಲೇ ಕಂಡರು. ಮಾತಾಡಿದ್ದೂ ಮನೆಯ ಕನ್ನಡದಲ್ಲಿ.

ಇವರಲ್ಲಿ ನನ್ನ ಮನಸ್ಸು ನಿಲ್ಲುವುದು ಆಯ್ದಕ್ಕಿ ಲಕ್ಕಮ್ಮನ ಬಳಿ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದನಂತೆ. ಅದನ್ನು ಕಂಡ ಲಕ್ಕಮ್ಮ, ಇಷ್ಟೇಕೆ ಎಂದು ಗದರಿ, ತಂದಲ್ಲೇ ಸುರಿದು ಬಾ ಎಂದಳಂತೆ. ಶರಣರ ಕಥೆಗಳು ಇದನ್ನು ಆಸೆಯ ನಿಗ್ರಹವೆಂದು ಹೊಗಳುತ್ತವೆ. ನಾನು ಇದರಲ್ಲಿ ಕಾಣುವುದು ತನ್ನ ಒಲೆ, ತನ್ನ ಮಡಕೆ, ತನ್ನ ಮನೆಗೆ ಬರುವ ಜಂಗಮರ ಹಸಿವು, ಇವುಗಳ ಅಳತೆ ಚೆನ್ನಾಗಿ ಗೊತ್ತಿದ್ದ ಹೆಂಗಸನ್ನು. ಅವಳು ಉಪವಾಸದ ಮಾತು ಆಡಲಿಲ್ಲ. ಎಂದಿನಷ್ಟು ಅಕ್ಕಿ ಸಾಕೆಂದಳು, ಅಷ್ಟರಲ್ಲೇ ಬಂದವರಿಗೂ ಬಡಿಸಿದಳು. ಕಲ್ಯಾಣದ ಅನ್ನಭೋಗದ ಚರಿತ್ರೆ ಬರೆಯುವವರು ಇಡ್ಡರಿಕಾದ ಪಕ್ಕದಲ್ಲಿ ಈ ಅಕ್ಕಿಯನ್ನೂ ಬರೆಯಬೇಕು.