ಪರದೇಶದಲ್ಲಿ ಶ್ರಾವಕಾಚಾರ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಕುಟುಂಬಗಳಿಗೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದಲ್ಲಿ ದಿಗಂಬರ ಜೈನರ ಮನೆಗಳೆಂದರೆ ಹೆಚ್ಚಾಗಿ ಒಕ್ಕಲುತನದ ಮನೆಗಳು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು, ಕಬ್ಬಿನ ಹೊಲ, ಹೈನು. ಜೊತೆಗೆ ಪೇಟೆಯಲ್ಲೊಂದು ಅಂಗಡಿ. ಇಂಥ ಮನೆಯಲ್ಲಿ ಆಚಾರವನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಹೊತ್ತು ಮುಳುಗುವ ಮುನ್ನ ಅವ್ವ ಉಣ್ಣಲು ಕರೆಯುತ್ತಾಳೆ. ನೀರಿನ ಕೊಡದ ಬಾಯಿಗೆ ಬಟ್ಟೆ ಕಟ್ಟಿರುತ್ತದೆ. ಅಷ್ಟಮಿ, ಚತುರ್ದಶಿ ಬಂದದ್ದು ಅಡುಗೆಮನೆಯಿಂದಲೇ ತಿಳಿಯುತ್ತದೆ. ಮುನಿಗಳು ಊರಿಗೆ ಬಂದರೆ ಇಡೀ ಓಣಿ ಎದ್ದು ನಿಲ್ಲುತ್ತದೆ.

ಇದೇ ಮನೆಗಳ ಮಕ್ಕಳು ಈಗ ಓದು, ಕೆಲಸಗಳಿಗಾಗಿ ಪುಣೆ, ಬೆಂಗಳೂರು ದಾಟಿ ಜರ್ಮನಿ, ಇಂಗ್ಲೆಂಡ್, ಅಮೆರಿಕಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಕರೆಯಲು ಅವ್ವ ಇಲ್ಲ, ಬಸದಿಯ ಗಂಟೆ ಇಲ್ಲ. ಊರೇ ಹೊತ್ತುಕೊಂಡಿದ್ದ ಆಚಾರದ ಭಾರ ಒಮ್ಮೆಲೇ ಇಪ್ಪತ್ತೆರಡು ವರ್ಷದ ಒಬ್ಬನ ಅಥವಾ ಒಬ್ಬಳ ಹೆಗಲಿಗೆ ಬರುತ್ತದೆ. ಹೊರಡುವ ಮೊದಲು ಮನೆಯವರು ಉಪ್ಪಿನಕಾಯಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾರೆ. ಅಲ್ಲಿ ಯಾವ ನಿಯಮ ಪಾಲಿಸಬೇಕು, ಎಷ್ಟು ಪಾಲಿಸಬೇಕು ಎಂಬ ಮಾತು ಮಾತ್ರ ಬಹಳ ಮನೆಗಳಲ್ಲಿ ಆಗುವುದೇ ಇಲ್ಲ.

ಹೊರಗೆ ಹೋದವರು ಹಿಂದೆಯೂ ಇದ್ದರು

ಈ ನೆಲದಿಂದ ಹೊರಹೋದವರಲ್ಲಿ ಎಲ್ಲರಿಗೂ ಗೊತ್ತಿರುವವನು ಮುಧೋಳದ ರನ್ನ. ಬಳೆಗಾರರ ಮನೆಯಲ್ಲಿ ಕ್ರಿ.ಶ. 949ರಲ್ಲಿ ಹುಟ್ಟಿದ ಆತ ವಿದ್ಯೆಗಾಗಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯ ಆಶ್ರಯವಿತ್ತ. ಮುಂದೆ ಚಾಲುಕ್ಯ ತೈಲಪ ಮತ್ತು ಸತ್ಯಾಶ್ರಯರ ಆಸ್ಥಾನ ಸೇರಿ ಕವಿಚಕ್ರವರ್ತಿ ಎನಿಸಿಕೊಂಡ. ಆಸ್ಥಾನವೆಂದರೆ ಯುದ್ಧ, ವೈಭವ, ಹೊಗಳಿಕೆಗಳ ಲೋಕ. ರನ್ನ ಅದರಿಂದ ಓಡಿಹೋಗಲಿಲ್ಲ. ಅರಸನಿಗಾಗಿ ‘ಗದಾಯುದ್ಧ’ ಬರೆದ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ ಮುಗಿಸಿದ. ಒಂದು ಲೌಕಿಕ, ಇನ್ನೊಂದು ಆಗಮಿಕ. ಆದಿಕವಿ ಪಂಪನೂ ಹೀಗೆಯೇ ಎರಡು ಬಗೆಯ ಕಾವ್ಯ ಬರೆದಿದ್ದ. ಲೋಕದ ಕೆಲಸವನ್ನೂ ಧರ್ಮದ ಕೆಲಸವನ್ನೂ ಬೆರೆಸದೆ, ಎರಡರಲ್ಲಿ ಯಾವುದನ್ನೂ ಮುಚ್ಚಿಡದೆ ಬದುಕುವ ರೀತಿ ಇದು. ರನ್ನ ತನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟದ್ದನ್ನು ನೋಡಿದರೆ, ಪರಸ್ಥಳದಲ್ಲಿ ಧರ್ಮಕ್ಕೆ ಆಸರೆಯಾದವರನ್ನು ಆತ ಎಷ್ಟು ನೆನೆದಿದ್ದನೆಂದು ತಿಳಿಯುತ್ತದೆ.

ರಬಕವಿ-ಬನಹಟ್ಟಿಗೆ ಹತ್ತಿರದ ತೇರದಾಳದಲ್ಲಿ ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿ ಇದೆ. ಅಲ್ಲಿನ 12ನೆಯ ಶತಮಾನದ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ಬರುತ್ತದೆ. ಅಯ್ಯಾವೊಳೆ ಎಂದರೆ ಇದೇ ಜಿಲ್ಲೆಯ ಐಹೊಳೆ. ಈ ಸಂಘದಲ್ಲಿ ಜೈನರಷ್ಟೇ ಇರಲಿಲ್ಲ, ಬೇರೆ ಬೇರೆ ಮತದವರಿದ್ದರು. ಸಂಘದ ಹೆಸರಿನ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರುಸ್ ಬಳಿ ಸಿಕ್ಕಿದೆ. ಸಮುದ್ರ ದಾಟುವ ವ್ಯಾಪಾರ ಈ ಭಾಗದವರಿಗೆ ಹೊಸ ಮಾತಲ್ಲ.

ಆಧುನಿಕ ಕಾಲದಲ್ಲಿ ಎರಡು ಪ್ರಸಂಗಗಳನ್ನು ನೆನೆಯಬೇಕು. 1893ರ ಚಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ವಿಜಯಾನಂದಸೂರಿಗಳಿಗೆ ಆಹ್ವಾನ ಬಂದಿತ್ತು. ಮುನಿಗಳು ಹಡಗು ಹತ್ತುವಂತಿಲ್ಲವಾದ್ದರಿಂದ ಶ್ರಾವಕರಾದ ವೀರಚಂದ ರಾಘವಜಿ ಗಾಂಧಿ ಹೋದರು. ಸಮುದ್ರಯಾನ ಮಾಡಿದ್ದಕ್ಕೆ ಸ್ವಂತ ಸಮಾಜದಿಂದಲೇ ಅವರಿಗೆ ವಿರೋಧ ಬಂತು.

ಎರಡನೆಯದು ಮಹಾತ್ಮ ಗಾಂಧೀಜಿಯವರದು. ಅವರು ಹುಟ್ಟಿನಿಂದ ಜೈನರಲ್ಲ. ಆದರೆ 1888ರಲ್ಲಿ ಲಂಡನ್ನಿಗೆ ಹೊರಟಾಗ ತಾಯಿಯ ಸಮಾಧಾನಕ್ಕಾಗಿ ಮದ್ಯ, ಮಾಂಸ, ಸ್ತ್ರೀಸಂಗ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು ಅವರಿಗೆ ಕೊಟ್ಟವರು ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳು. ಲಂಡನ್ನಿನಲ್ಲಿ ಮೊಟ್ಟೆ ಮಾಂಸವಲ್ಲ ಎಂಬ ವಾದ ಅವರ ಮುಂದೆ ಬಂತು. ಮಾಂಸಕ್ಕೆ ಅಲ್ಲಿ ಮೂರು ಬಗೆಯ ಅರ್ಥ ಹೇಳುವವರಿದ್ದರು. ಪ್ರತಿಜ್ಞೆ ಕೊಡಿಸಿದ ತಾಯಿ ಮಾಂಸವೆಂದರೆ ಏನೆಂದು ತಿಳಿದಿದ್ದಳೋ ಅದೇ ತನಗೆ ಅನ್ವಯಿಸುತ್ತದೆ ಎಂದು ನಿರ್ಧರಿಸಿ ಅವರು ಮೊಟ್ಟೆಯನ್ನೂ ಬಿಟ್ಟರು. ಪ್ರತಿಜ್ಞೆ ಮೂರೇ ಇದ್ದವು, ಆದರೆ ಸ್ಪಷ್ಟವಾಗಿದ್ದವು. ಉಳಿದಂತೆ ಅವರು ಅಲ್ಲಿನ ಉಡುಪು ತೊಟ್ಟರು, ನೃತ್ಯ ಕಲಿಯಲೂ ಹೋದರು.

ನಿಯಮ ಮತ್ತು ಯಮ

ಹೊರದೇಶಕ್ಕೆ ಹೋಗುವವರಿಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ತ್ಯಾಗಕ್ಕೆ ಎರಡು ಬಗೆ: ಕಾಲದ ಮಿತಿ ಇಟ್ಟುಕೊಂಡದ್ದು ನಿಯಮ, ಜೀವನಪರ್ಯಂತದ್ದು ಯಮ. ಹೊರಡುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾತಿಲ್ಲ. ವಿಮಾನ ನಿಲ್ದಾಣದಲ್ಲಿ ಭಾವುಕರಾಗಿ ಎಲ್ಲವನ್ನೂ ಯಮವಾಗಿ ತೆಗೆದುಕೊಂಡು ಮೂರನೆಯ ತಿಂಗಳಿಗೆ ಎಲ್ಲವನ್ನೂ ಕೈಬಿಡುವುದಕ್ಕಿಂತ, ಮದ್ಯ-ಮಾಂಸ-ಮಧು ತ್ಯಾಗವನ್ನು ಯಮವಾಗಿಯೂ ಉಳಿದವನ್ನು ಆರು ತಿಂಗಳು, ಒಂದು ವರ್ಷದ ನಿಯಮವಾಗಿಯೂ ತೆಗೆದುಕೊಳ್ಳುವುದು ಒಳ್ಳೆಯದು. ಅವಧಿ ಮುಗಿದ ಮೇಲೆ ಮುಂದುವರಿಸಬಹುದು, ಹೆಚ್ಚಿಸಬಹುದು.

ದಿಗ್ವ್ರತ ಮತ್ತು ದೇಶಾವಕಾಶಿಕ ವ್ರತಗಳೂ ಸಂಚಾರಕ್ಕೇ ಸಂಬಂಧಿಸಿದವು. ಎಲ್ಲಿಯವರೆಗೆ ಹೋಗುತ್ತೇನೆ, ಎಷ್ಟು ದಿನ ಇರುತ್ತೇನೆ ಎಂದು ಗೃಹಸ್ಥ ಮೊದಲೇ ಮಿತಿ ಹಾಕಿಕೊಳ್ಳಬೇಕು. ದೂರ ಹೋಗುವುದೇ ತಪ್ಪೆಂದು ಇದರ ಅರ್ಥವಲ್ಲ. ಗುರಿಯಿಲ್ಲದೆ ಹೋಗಬಾರದು ಎಂದು ಅರ್ಥ.

ರಾತ್ರಿಭೋಜನ: ಸೂರ್ಯನೇ ಬೇರೆ

ಎಲ್ಲಕ್ಕಿಂತ ಮೊದಲು ಎದುರಾಗುವ ಕಷ್ಟ ಇದು. ಜಮಖಂಡಿಯಲ್ಲಿ ಸೂರ್ಯಾಸ್ತ ವರ್ಷವಿಡೀ ಸಂಜೆ ಸುಮಾರು 5.50ರಿಂದ 7.10ರ ನಡುವೆ ಆಗುತ್ತದೆ. ಲಂಡನ್ನಿನಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ 3.50ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ರಾತ್ರಿ 9.20ರವರೆಗೂ ಇರುತ್ತಾನೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಈ ಹೊತ್ತುಗಳು ಸುಮಾರು 4.25 ಮತ್ತು 9.40. ನಾರ್ವೆಯ ಉತ್ತರ ತುದಿಯಲ್ಲಿ ಬೇಸಿಗೆಯ ಕೆಲವು ವಾರ ಸೂರ್ಯ ಮುಳುಗುವುದೇ ಇಲ್ಲ, ಚಳಿಗಾಲದ ಕೆಲವು ವಾರ ಹುಟ್ಟುವುದೂ ಇಲ್ಲ.

ಬೇಸಿಗೆ ಸುಲಭ, ಕಷ್ಟ ಇರುವುದು ನವೆಂಬರಿನಿಂದ ಫೆಬ್ರುವರಿಯವರೆಗೆ. ಆಗ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ಬದಲಾಯಿಸಿ, ಮೂರೂವರೆಗೆ ಡಬ್ಬಿಯಲ್ಲಿ ತಂದ ಚಪಾತಿ, ಅವಲಕ್ಕಿ, ಒಣಹಣ್ಣುಗಳಲ್ಲಿ ಎರಡನೆಯ ಊಟ ಮುಗಿಸಬಹುದು. ಅದು ಸಾಧ್ಯವಾಗದ ಕೆಲಸದಲ್ಲಿರುವವರು ರಾತ್ರಿ ಅನ್ನ ಮಾತ್ರ ಬಿಟ್ಟು ಹಾಲು, ಹಣ್ಣು, ನೀರು ಇಟ್ಟುಕೊಳ್ಳುವ ನಿಯಮ ತೆಗೆದುಕೊಳ್ಳಬಹುದು. ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕೂ ಬಗೆಯ ಆಹಾರವನ್ನು ರಾತ್ರಿ ಬಿಡುವುದನ್ನು ರತ್ನಕರಂಡಕವು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದಾಗಿ ಹೇಳುತ್ತದೆ. ಏರಲು ಮೆಟ್ಟಿಲುಗಳಿವೆ ಎಂಬುದನ್ನು ಊರಿನ ಹಿರಿಯರೂ ನೆನಪಿಡಬೇಕು. ನಿಯಮದ ಸ್ವರೂಪವನ್ನು ಮುನಿಗಳನ್ನೋ ಪಂಡಿತರನ್ನೋ ಕೇಳಿ ನಿರ್ಧರಿಸುವುದು ಉತ್ತಮ.

ಇಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ಫೋನಿನಲ್ಲಿ ಅವ್ವ ‘ಊಟ ಹೊತ್ತಿಗೆ ಆತೇನಪ್ಪಾ’ ಎಂದು ಕೇಳಿದಾಗ ಮಗ ‘ಹೂಂ’ ಎನ್ನುತ್ತಾನೆ, ರಾತ್ರಿ ಹತ್ತಕ್ಕೆ ಉಣ್ಣುತ್ತಾನೆ. ರಾತ್ರಿ ಉಂಡದ್ದಕ್ಕಿಂತ ಆ ‘ಹೂಂ’ ದೊಡ್ಡ ನಷ್ಟ, ಏಕೆಂದರೆ ಸತ್ಯವೂ ಅಣುವ್ರತವೇ. ಒಂದು ಸುಳ್ಳು ಹೇಳಿದವರು ಮುಂದೆ ಧರ್ಮದ ಮಾತು ತೆಗೆಯಲೇ ಹಿಂಜರಿಯುತ್ತಾರೆ. ‘ಇಲ್ಲವ್ವಾ, ಇವತ್ತು ಆಗಲಿಲ್ಲ’ ಎಂದು ಹೇಳಲು ಜಾಗವಿರುವ ಮನೆಯ ಮಕ್ಕಳಿಗೆ ನಿಯಮಕ್ಕೆ ಮರಳುವ ದಾರಿ ಇರುತ್ತದೆ.

ಅಂಗಡಿಯ ಪೊಟ್ಟಣ

ನಮ್ಮ ದೇಶದ ಹಸಿರು ಚುಕ್ಕೆ ಹೊರದೇಶದ ಪೊಟ್ಟಣಗಳ ಮೇಲೆ ಇರುವುದಿಲ್ಲ. ಯುರೋಪಿನಲ್ಲಿ ‘ವೆಜಿಟೇರಿಯನ್’ ಎಂದಿದ್ದರೂ ಮೊಟ್ಟೆ, ಜೇನು ಇರಬಹುದು. ‘ವೀಗನ್’ ಎಂದಿದ್ದರೆ ಮಾಂಸ, ಮೊಟ್ಟೆ, ಜೇನು, ಹಾಲು ಇರುವುದಿಲ್ಲ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಅಣಬೆ ಮಾತ್ರವಲ್ಲ, ವೈನ್ ಕೂಡ ಇರಬಹುದು. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುತ್ತದೆ; ಜೆಲ್ಲಿ ಮಿಠಾಯಿ, ಕೆಲವು ಮೊಸರು, ಔಷಧದ ಕ್ಯಾಪ್ಸೂಲುಗಳಲ್ಲಿ ಅದನ್ನು ಬಳಸುತ್ತಾರೆ. ಹಲವು ಬಗೆಯ ಚೀಸ್ ತಯಾರಿಗೆ ಕರುವಿನ ಹೊಟ್ಟೆಯ ರೆನೆಟ್ ಬೇಕು. ಇ120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ904 ಅರಗು. ಇ471 ಗಿಡದಿಂದಲೂ ಪ್ರಾಣಿಯಿಂದಲೂ ಬರಬಹುದಾದ್ದರಿಂದ ಕೇಳಿಯೇ ಕೊಳ್ಳಬೇಕು. ವಿಮಾನದಲ್ಲಿ ಜೈನ ಊಟಕ್ಕೆ ‘ವಿಜೆಎಂಎಲ್’ ಎಂಬ ಸಂಕೇತವಿದೆ. ಟಿಕೆಟ್ ಮಾಡಿಸುವಾಗಲೇ ಕೇಳಿಡಬೇಕು, ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಗ್ರಂಥದಲ್ಲಿ ಹೆಸರಿಲ್ಲದ ಪದಾರ್ಥಗಳ ಬಗ್ಗೆ ಏನು ಮಾಡಬೇಕು? ಸಮಂತಭದ್ರರು ಮೂಲಂಗಿ, ಹಸಿಶುಂಠಿಯನ್ನು ಹೆಸರಿಸಿ, ಫಲ ಅಲ್ಪವಾಗಿ ಜೀವಹಾನಿ ಹೆಚ್ಚಾಗಿರುವುದನ್ನು ಬಿಡಬೇಕೆಂಬ ಕಾರಣವನ್ನೂ ಹೇಳಿದ್ದಾರೆ. ಅವರ ಕಾಲದಲ್ಲಿ ಆಲೂಗಡ್ಡೆ ಈ ದೇಶದಲ್ಲಿ ಇರಲೇ ಇಲ್ಲ, ಅದು ಅಮೆರಿಕ ಖಂಡದಿಂದ ಬಹಳ ತಡವಾಗಿ ಬಂತು. ಆದರೂ ಅದೇ ಕಾರಣದಿಂದ ನಮ್ಮ ಹಿರಿಯರು ಅದನ್ನು ಕಂದಮೂಲದ ಸಾಲಿಗೆ ಸೇರಿಸಿದರು. ಪರದೇಶದ ಹೊಸ ಪದಾರ್ಥಗಳಿಗೂ ಈ ಅಳತೆ ಸಾಕು.

ಬಸದಿ, ತಿಥಿ, ಭಾಷೆ

ಇಂಗ್ಲೆಂಡಿನ ಲೆಸ್ಟರ್‌ನ ಜೈನ ಮಂದಿರ 1988ರದು, ಜಪಾನಿನ ಕೋಬೆಯದು 1985ರದು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ದೊಡ್ಡ ಜಿನಾಲಯವಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಆಚಾರ್ಯ ಸುಶೀಲಕುಮಾರರು 1983ರಲ್ಲಿ ಸ್ಥಾಪಿಸಿದ ಸಿದ್ಧಾಚಲಂ ಇದೆ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟ ‘ಜೈನಾ’ 1981ರಿಂದ ಕೆಲಸ ಮಾಡುತ್ತಿದೆ. ತೇರದಾಳ ಅಥವಾ ಬೀಳಗಿಯ ಕಡೆಯಿಂದ ಹೋದವರಿಗೆ ಇಲ್ಲಿ ಮೊದಮೊದಲು ಪರಕೀಯವೆನಿಸುವುದುಂಟು. ಒಂದೇ ಸೂರಿನಡಿ ಶ್ವೇತಾಂಬರ, ದಿಗಂಬರ ಮೂರ್ತಿಗಳು. ಮಾತು ಗುಜರಾತಿ, ಹಿಂದಿ ಅಥವಾ ಇಂಗ್ಲಿಷ್. ಹಲವು ಕಡೆ ಶ್ವೇತಾಂಬರರ ಎಂಟು ದಿನದ ಪರ್ಯುಷಣ, ನಂತರ ದಿಗಂಬರರ ಹತ್ತು ದಿನದ ದಶಲಕ್ಷಣ ಸೇರಿ 18 ದಿನ ಪರ್ವ ನಡೆಯುತ್ತದೆ. ಪಂಚಾಂಗದ ತಿಥಿ ಸ್ಥಳದ ಸೂರ್ಯೋದಯಕ್ಕೆ ತಕ್ಕಂತೆ ಒಂದು ದಿನ ಹಿಂದೆ ಮುಂದೆ ಆಗಬಹುದು. ಊರಿನ ಕ್ಯಾಲೆಂಡರನ್ನೇ ನೋಡುತ್ತಾ ಗೊಂದಲ ಪಡುವ ಬದಲು ಹತ್ತಿರದ ಸಂಘದ ಪಟ್ಟಿಯನ್ನು ಅನುಸರಿಸುವುದು ಸರಳ.

ಬಾಡಿಗೆಯ ಕೋಣೆಯಲ್ಲಿ ಪ್ರತಿಷ್ಠೆಯಾದ ಮೂರ್ತಿ ಇಟ್ಟುಕೊಳ್ಳುವುದು ಬೇಡ, ಅದಕ್ಕೆ ನಿತ್ಯ ಅಭಿಷೇಕ, ಪೂಜೆ ತಪ್ಪಬಾರದು. ಒಂದು ಚಿತ್ರಪಟ ಸಾಕು. 35 ಅಕ್ಷರದ ಣಮೋಕಾರ ಮಂತ್ರ ಯಾವ ಸಾಮಾನಿಗೂ ತೂಕ ಸೇರಿಸುವುದಿಲ್ಲ. ಅಲ್ಲೇ ಹುಟ್ಟಿದ ಮಕ್ಕಳಿಗೆ ಅಜ್ಜಿಯ ಕನ್ನಡ ಉಳಿಸಿದರೆ ಧರ್ಮದ ಅರ್ಧ ಪಾಠ ತಾನೇ ಆಗುತ್ತದೆ. ‘ಬಸದಿ’ ಎಂಬ ಮಾತು ಗೊತ್ತಿಲ್ಲದ ಮಗುವಿಗೆ ಶ್ರವಣಬೆಳಗೊಳವೂ ಒಂದು ಪ್ರವಾಸಿ ತಾಣವಾಗಿಬಿಡುತ್ತದೆ.

ಲೌಕಿಕ ಸಂಸ್ಕೃತಿ ಎಲ್ಲಿದೆ?

ಮನೆ ಬಿಟ್ಟ ಮಕ್ಕಳ ಆಚಾರದ ಚಿಂತೆ ಹೊಸದಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಕೊಲ್ಲಾಪುರ, ಸಾಂಗ್ಲಿ ಮುಂತಾದ ಕಡೆ ಬೋರ್ಡಿಂಗ್‌ಗಳನ್ನು ನಡೆಸಿದ್ದಕ್ಕೆ ಒಂದು ಕಾರಣ ಹಳ್ಳಿಯ ಜೈನ ಮಕ್ಕಳು ಪೇಟೆಯಲ್ಲಿ ಓದುವಾಗ ಆಚಾರ ಕಳೆದುಕೊಳ್ಳಬಾರದು ಎಂಬುದು. ಕೊಲ್ಲಾಪುರದ ಬೋರ್ಡಿಂಗ್‌ನಲ್ಲಿದ್ದ ಭಾವುರಾವ್ ಪಾಟೀಲರು ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಸ್ನಾನ ಮಾಡಲು ಒಪ್ಪದೆ ಅಲ್ಲಿಂದ ಹೊರಬೀಳಬೇಕಾಯಿತು. ಅವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ಎಲ್ಲ ಜಾತಿಯ ಬಡ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಓದಿಸಿದರು. ಯಾವುದು ಧರ್ಮ, ಯಾವುದು ಬರೀ ರೂಢಿ ಎಂದು ಬೇರ್ಪಡಿಸುವ ಕೆಲಸ ಹೊರಹೋದವರಿಗೆ ದಿನವೂ ಬರುತ್ತದೆ. ಪರದೇಶದಲ್ಲಿ ಮಾಂಸ ತಿನ್ನುವ ಸಹಪಾಠಿಯ ಜೊತೆ ಒಂದೇ ಮೇಜಿನಲ್ಲಿ ಕುಳಿತು ತನ್ನ ಡಬ್ಬಿ ಉಂಡರೆ ವ್ರತ ಕೆಡುವುದಿಲ್ಲ. ಆತನನ್ನು ಕೀಳಾಗಿ ಕಂಡರೆ ಮನಸ್ಸಿನ ಅಹಿಂಸೆ ಕೆಡುತ್ತದೆ.

ಊಟದ ವಿಷಯದಲ್ಲಿ ಇರುವಷ್ಟು ಎಚ್ಚರ ಪರಿಗ್ರಹ ಪರಿಮಾಣದ ವಿಷಯದಲ್ಲಿ ಎಲ್ಲೂ ಇಲ್ಲ. ಡಾಲರ್, ಯೂರೋ ಸಂಬಳ ಬಂದ ಮೇಲೆ ಎಷ್ಟು ಸಾಕು ಎಂದು ಬರೆದಿಟ್ಟುಕೊಳ್ಳುವವರು ಕಡಿಮೆ. ಕಾರು, ಮನೆ, ಸಾಲದ ಕಂತಿಗೆ ಒಂದು ಮಿತಿ ಹಾಕಿಕೊಳ್ಳುವುದೂ ಅಣುವ್ರತವೇ. ಊರಿನವರೂ ಇದಕ್ಕೆ ಹೊರತಲ್ಲ. ಚಳಿಗಾಲವಿಡೀ ಮಧ್ಯಾಹ್ನವೇ ಊಟ ಮುಗಿಸಿ ನಿಯಮ ಉಳಿಸಿಕೊಂಡ ಮಗಳು ಮದುವೆಯ ಹಂಗಾಮಿನಲ್ಲಿ ಊರಿಗೆ ಬಂದರೆ, ನಮ್ಮದೇ ಸಮಾಜದ ಆರತಕ್ಷತೆಯಲ್ಲಿ ರಾತ್ರಿ ಹತ್ತು ಗಂಟೆಗೆ ಬಫೆ ಊಟ ನಡೆದಿರುತ್ತದೆ.

ನಿಯಮ ತಪ್ಪಿದರೆ

ತಪ್ಪಿದ್ದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ಪ್ರತಿಕ್ರಮಣ ಮಾಡಬೇಕು. ಊರಿಗೆ ಬಂದಾಗ ಮುನಿಗಳ ಮುಂದೆ ಆಲೋಚನೆ ಮಾಡಿ, ಅವರು ಹೇಳುವ ಪ್ರಾಯಶ್ಚಿತ್ತ ತೆಗೆದುಕೊಂಡು ನಿಯಮವನ್ನು ಮತ್ತೆ ಆರಂಭಿಸಬಹುದು. ಯುರೋಪ್, ಅಮೆರಿಕಗಳ ಶಾಲೆಗಳ ದೊಡ್ಡ ರಜೆ ಬರುವುದು ಜುಲೈ-ಆಗಸ್ಟ್‌ನಲ್ಲಿ. ಆಷಾಢದಿಂದ ಶುರುವಾಗುವ ಚಾತುರ್ಮಾಸವೂ ಅದೇ ಹೊತ್ತಿಗೆ. ಆ ದಿನಗಳಲ್ಲಿ ಮುನಿಗಳು ಒಂದೇ ಊರಿನಲ್ಲಿ ನೆಲೆಸಿರುತ್ತಾರೆ. ಬೆಳಿಗ್ಗೆ ಆಹಾರದಾನಕ್ಕೆ ನಿಂತ ಮನೆಗೆ ಮಕ್ಕಳನ್ನು ಕರೆದೊಯ್ದರೆ, ದಿನಕ್ಕೆ ಒಮ್ಮೆ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುವುದನ್ನು ಅವರು ಕಣ್ಣಾರೆ ನೋಡಬಹುದು.