ತವರಿನ ಪಂಚಾಂಗ

ಒಂದೇ ರಾಜ್ಯದಲ್ಲಿ ಎರಡು ಪಂಚಾಂಗ ನಡೆಯುವುದೆಂದರೇನು ಎಂಬುದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಮೈಸೂರು ಸೀಮೆಯವರಿಗೆ ಚಾಂದ್ರಮಾನ ಯುಗಾದಿ ವರ್ಷದ ಮೊದಲ ದಿನ. ಮಂಗಳೂರು ಕಡೆಯವರಿಗೆ ಏಪ್ರಿಲ್ ನಡುವೆ ಬರುವ ಬಿಸು. ಕರಾವಳಿಯ ಹುಡುಗಿ ಘಟ್ಟ ಹತ್ತಿ ಸೊಸೆಯಾಗಿ ಬಂದರೆ ಅತ್ತೆಮನೆಯ ಯುಗಾದಿಗೆ ಹೋಳಿಗೆ ತಟ್ಟುತ್ತಾಳೆ, ನಿಜ. ಆದರೆ ಬಿಸುವಿನ ಬೆಳಿಗ್ಗೆ ದೇವರ ಮುಂದೆ ಸದ್ದಿಲ್ಲದೆ ಕಣಿ ಇಡುತ್ತಾಳೆ. ತವರಿನ ಪಂಚಾಂಗ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಜಿಂಕೆಗಳನ್ನೂ ಅದು ಬಿಡುವುದಿಲ್ಲ ಎಂದು ನನಗೆ ತಿಳಿದದ್ದು ಮಗಳ ಬಾಣಂತನಕ್ಕೆಂದು ಅಮೆರಿಕದ ಅಲಬಾಮಾ ರಾಜ್ಯಕ್ಕೆ ಹೋದಾಗ.

ಮಗಳ ಮನೆ ಇದ್ದದ್ದು ಆ ರಾಜ್ಯದ ಉತ್ತರಕ್ಕಿರುವ ಹಂಟ್ಸ್‌ವಿಲ್‌ನಲ್ಲಿ. ಪಕ್ಕದ ಮನೆಯ ಹಿರಿಯರು ಹಳೆಯ ಬೇಟೆಗಾರರು. ಸಂಜೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನು ಹೊರಗೆ ನಿಂತರೆ ಮಾತಾಡಿಸುವರು. ನಮ್ಮ ಕಡೆ 'ಮಳೆ ಬಂತೇ?' ಎಂದು ವಿಚಾರಿಸಿಕೊಳ್ಳುವ ಹಾಗೆ, ನವೆಂಬರ್ ಬಂತೆಂದರೆ ಅಲ್ಲಿಯ ಬೇಟೆಗಾರರು 'ಜಿಂಕೆ ಬೆದೆಗೆ ಬಂತೇ?' ಎಂದು ಕೇಳಿಕೊಳ್ಳುತ್ತಾರೆ. ವರ್ಷವಿಡೀ ಪೊದೆಯಲ್ಲಿ ಅಡಗಿರುವ ದೊಡ್ಡ ಕೊಂಬಿನ ಗಂಡುಜಿಂಕೆ ಬೆದೆಯ ದಿನಗಳಲ್ಲಿ ಮೇವು, ನಿದ್ದೆ, ಭಯ ಎಲ್ಲವನ್ನೂ ಮರೆತು ಹಗಲಲ್ಲೇ ಹೆಣ್ಣಿನ ಹಿಂದೆ ಬಯಲಿಗೆ ಬರುತ್ತದೆ. ಕೋವಿಗೆ ಸಿಗುವುದು ಆಗಲೇ.

ಇದನ್ನು ಕೇಳಿದಾಗ ನನಗೆ ಪಾಂಡುರಾಜ ನೆನಪಾದ. ಜಿಂಕೆಯ ರೂಪದಲ್ಲಿ ಮಡದಿಯೊಡನೆ ಕೂಡಿದ್ದ ಕಿಂದಮ ಮುನಿಗೆ ಬಾಣ ಬಿಟ್ಟು ಶಾಪ ಪಡೆದವನು. ಬೇಟೆ ರಾಜರ ಧರ್ಮ ಎಂದು ಪಾಂಡು ವಾದಿಸುತ್ತಾನೆ. ಬೇಟೆಯಾಡಿದ್ದಕ್ಕೆ ನಿನ್ನನ್ನು ದೂರುವುದಿಲ್ಲ, ಈ ಹೊತ್ತಿನಲ್ಲಿ ಕಾಯಬೇಕಿತ್ತಲ್ಲವೇ ಎನ್ನುತ್ತಾನೆ ಮುನಿ. ಆ ಹಿರಿಯರಿಗೆ ನನಗೆ ಬಂದ ಇಂಗ್ಲಿಷಿನಲ್ಲಿ ಈ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹೊತ್ತು ಬಿಟ್ಟರೆ ಅದು ಕಣ್ಣಿಗೇ ಬೀಳುವುದಿಲ್ಲಮ್ಮ" ಎಂದರು. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಊರಿನ ಗ್ರಂಥಾಲಯಕ್ಕೆ ಓಡಿಸಿತು. ಹತ್ತಿರದ ಬ್ಯಾಂಕ್‌ಹೆಡ್ ಕಾಡಿನಲ್ಲಿ ಬೆದೆ ನವೆಂಬರ್ ಕೊನೆಗೇ ಬರುತ್ತದೆ. ದಕ್ಷಿಣದಲ್ಲಿರುವ ಅವರ ತಮ್ಮನ ಊರಿನಲ್ಲಿ ಜನವರಿ ಅರ್ಧ ಕಳೆಯಬೇಕು. ಕರ್ನಾಟಕಕ್ಕಿಂತ ಚಿಕ್ಕದಾದ ರಾಜ್ಯ, ಒಂದೇ ಜಾತಿಯ ಬಿಳಿಬಾಲದ ಜಿಂಕೆ. ಆದರೂ ಒಂದೂವರೆ ಎರಡು ತಿಂಗಳ ಅಂತರ!

ಇದಕ್ಕೆ ಉತ್ತರ ಇರುವುದು ನೂರು ವರ್ಷದ ಹಿಂದಿನ ಇತಿಹಾಸದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಜನ ಮಾಂಸಕ್ಕೂ ಚರ್ಮಕ್ಕೂ ಜಿಂಕೆಗಳನ್ನು ಲೆಕ್ಕವಿಲ್ಲದೆ ಕೊಂದರು. 1900ರ ಹೊತ್ತಿಗೆ ಇಡೀ ದೇಶದಲ್ಲಿ ಉಳಿದ ಬಿಳಿಬಾಲದ ಜಿಂಕೆಗಳು ಸುಮಾರು ಐದು ಲಕ್ಷಕ್ಕೂ ಕಡಿಮೆ ಎಂದು ಅಂದಾಜು. ಅಲಬಾಮಾದಲ್ಲಿ ಕೆಲವೇ ಸಾವಿರ ಉಳಿದಿದ್ದವು. ಅವೂ ಹೆಚ್ಚಾಗಿ ನೈರುತ್ಯದ ನದೀತೀರದ ಜವುಗು ಕಾಡುಗಳಲ್ಲಿ. ಕಾನೂನು ಮೀರಿ ಕೊಂದ ಪ್ರಾಣಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು ಲೇಸಿ ಕಾಯಿದೆ ತಡೆದದ್ದು 1900ರಲ್ಲಿ. 1937ರಲ್ಲಿ ಬಂದ ಇನ್ನೊಂದು ಕಾಯಿದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣವನ್ನು ವನ್ಯಜೀವಿಗಳನ್ನು ಮತ್ತೆ ಬೆಳೆಸುವುದಕ್ಕೆ ಕೊಟ್ಟಿತು.

ಬರಿದಾದ ಕಾಡುಗಳನ್ನು ತುಂಬಲು ಬೇರೆ ಕಡೆಯಿಂದ ಜಿಂಕೆಗಳನ್ನು ಹಿಡಿದು ತಂದು ಬಿಟ್ಟರು. ಅಲಬಾಮಾದ ಹೆಚ್ಚಿನ ಕಾಡುಗಳಿಗೆ ಬಂದದ್ದು ಅದೇ ರಾಜ್ಯದ ನೈರುತ್ಯದ ಜಿಂಕೆಗಳು. ಈಗ ಬ್ಯಾಂಕ್‌ಹೆಡ್ ಎನ್ನುವ ಕಾಡಿಗೆ ಮಾತ್ರ 1920ರ ದಶಕದಲ್ಲಿ ದೂರದ ಉತ್ತರದ ಮಿಶಿಗನ್ ರಾಜ್ಯದಿಂದ ತಂದರು. ಮಿಶಿಗನ್ ಹಿಮದ ನಾಡು. ಅಲ್ಲಿ ಬೆದೆ ನವೆಂಬರಿನಲ್ಲೇ ಮುಗಿಯಬೇಕು. ಜಿಂಕೆಗೆ ಗಬ್ಬ ಸುಮಾರು ಇನ್ನೂರು ದಿನ. ಮರಿ ಮೇ, ಜೂನ್ ಹೊತ್ತಿಗೆ ಹುಟ್ಟಿದರೆ ತಾಯಿಗೆ ಹಸಿರು ಮೇವು, ಮರಿಗೆ ಹಾಲು. ಚಳಿಗಾಲದೊಳಗೆ ಮೈ ತುಂಬುತ್ತದೆ. ತಡವಾಗಿ ಹುಟ್ಟಿದ್ದು ಹಿಮದಲ್ಲಿ ಉಳಿಯುವುದು ಕಷ್ಟ. ದಕ್ಷಿಣದಲ್ಲಿ ಚಳಿ ಅಷ್ಟು ಕ್ರೂರವಲ್ಲ, ಹಾಗಾಗಿ ಆಗಸ್ಟಿನಲ್ಲಿ ಹುಟ್ಟಿದ ಮರಿಯೂ ಬದುಕುತ್ತದೆ. ಮಿಶಿಗನ್‌ನಿಂದ ಬಂದ ಜಿಂಕೆಗಳು ಈಗ ಬೆಚ್ಚಗಿನ ನಾಡಿನಲ್ಲಿವೆ, ಅವಸರಕ್ಕೆ ಕಾರಣವಿಲ್ಲ. ಆದರೂ ಅವುಗಳ ಮರಿಮೊಮ್ಮಕ್ಕಳು ಇವತ್ತಿಗೂ ಹಿಮದ ನಾಡಿನ ಲೆಕ್ಕಕ್ಕೇ ಹತ್ತಿರವಾಗಿ ನಡೆಯುತ್ತವೆ.

ಹಾಗಾದರೆ ನೆಲ, ಆಕಾಶಗಳ ಮಾತು ನಡೆಯುವುದೇ ಇಲ್ಲವೇ? ನಡೆಯುತ್ತದೆ. 1851ರಿಂದ ಬ್ರಿಟನ್ನಿನ ಕೆಂಪು ಜಿಂಕೆಗಳನ್ನು ಹಡಗಿನಲ್ಲಿ ನ್ಯೂಜಿಲೆಂಡಿಗೆ ಸಾಗಿಸಿದರು. ಸ್ಕಾಟ್ಲೆಂಡಿನಲ್ಲಿ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿನಲ್ಲಿ ಗುಟುರು ಹಾಕುವ ಆ ಗಂಡುಗಳು ನ್ಯೂಜಿಲೆಂಡಿನಲ್ಲಿ ಮಾರ್ಚ್ ಕೊನೆಗೆ, ಏಪ್ರಿಲ್‌ನಲ್ಲಿ ಗುಟುರು ಹಾಕುತ್ತವೆ. ಭೂಮಿಯ ಆ ಅರ್ಧದಲ್ಲಿ ಹಗಲು ಕುಗ್ಗುವ ಕಾಲ ಅದು. ಹಗಲು ಕುಗ್ಗುವುದನ್ನು ನೋಡಿಯೇ ಇವುಗಳ ಮೈ ಎಚ್ಚರಗೊಳ್ಳುತ್ತದೆ. ಎಷ್ಟು ಕುಗ್ಗಿದಾಗ ಎಚ್ಚರಗೊಳ್ಳಬೇಕು ಎಂಬುದು ಮಾತ್ರ ವಂಶದಿಂದ ಬರುತ್ತದೆ. ಸೊಸೆ ಹೊಸ ಊರಿನ ಸೂರ್ಯನಿಗೆ ಏಳುತ್ತಾಳೆ, ಹುಳಿಗೆ ಬೆಲ್ಲ ಎಷ್ಟು ಹಾಕಬೇಕೆಂಬುದನ್ನು ತವರಿನಿಂದ ತಂದಿರುತ್ತಾಳೆ. ಅದೇ ಲೆಕ್ಕ.

ನಮ್ಮ ಕಾಡುಗಳ ರೀತಿಯೇ ಬೇರೆ. ಕಾಶ್ಮೀರದ ಹಂಗುಲ್ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆದೆಗೆ ಬರುತ್ತದೆ, ಕಾನ್ಹಾದ ಬಾರಾಸಿಂಗ ಡಿಸೆಂಬರ್, ಜನವರಿಯಲ್ಲಿ. ಬಂಡೀಪುರದ ಚುಕ್ಕೆ ಜಿಂಕೆಗಳ ಹಿಂಡನ್ನು ನೋಡಿ: ಒಂದು ಗಂಡಿಗೆ ಬಲಿತ ಕೊಂಬು, ಇನ್ನೊಂದಕ್ಕೆ ಮಖಮಲ್ಲಿನಂಥ ಚರ್ಮ ಹೊದ್ದ ಎಳೆಗೊಂಬು, ಮತ್ತೊಂದರದು ಉದುರಿ ಬೋಳುತಲೆ. ಮರಿಗಳು ಹೆಚ್ಚಾಗಿ ಕಾಣುವ ತಿಂಗಳುಗಳಿದ್ದರೂ ಯಾವ ತಿಂಗಳಲ್ಲೂ ಮರಿ ಹುಟ್ಟಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಇಲ್ಲಿ ಜಿಂಕೆ ಬೇಟೆ ಅಪರಾಧ. ಬೆದೆಯ ದಿನ ಎಣಿಸುವ ಬೇಟೆಗಾರರು ನಮಗೆ ಅಪರಿಚಿತರಾದದ್ದು ಅದಕ್ಕೇ.

ಅಮೆರಿಕದಲ್ಲಿ ಆ ಎಣಿಕೆಯ ಮೇಲೆ ಸರ್ಕಾರದ ನಿಯಮವೇ ನಿಂತಿದೆ. ಅಲಬಾಮಾದಲ್ಲಿ ಮೊದಲು ಜನವರಿ 31ಕ್ಕೆ ಬೇಟೆಯ ಕಾಲ ಮುಗಿಯುತ್ತಿತ್ತು. ದಕ್ಷಿಣದವರು, ನಮ್ಮಲ್ಲಿ ಬೆದೆ ಆಗತಾನೇ ಏರಿರುತ್ತದೆ ಎಂದು ದೂರಿದರು. ಅದನ್ನು ಫೆಬ್ರವರಿ 10ರವರೆಗೆ ಮುಂದುವರಿಸಿದರು. ಈಗ ಬೆದೆಯನ್ನು ನೋಡಿಕೊಂಡೇ ರಾಜ್ಯವನ್ನು ವಲಯಗಳಾಗಿ ವಿಂಗಡಿಸಿದ್ದಾರೆ.

ಯಾವ ಕಾಡಿನಲ್ಲಿ ಯಾವಾಗ ಬೆದೆ ಎಂದು ಇಲಾಖೆಯವರಿಗೆ ತಿಳಿಯುವುದು ಹೇಗೆ ಗೊತ್ತೇ? ಬೆದೆಯ ಕಾಲ ಕಳೆದ ಮೇಲೆ ಕೆಲವು ಹೆಣ್ಣುಜಿಂಕೆಗಳನ್ನು ಕೊಂದು, ಬಸಿರಿನಲ್ಲಿರುವ ಮರಿಯ ಉದ್ದವನ್ನು ಅಳತೆಪಟ್ಟಿಯಿಂದ ಅಳೆದು, ಗಬ್ಬ ಕಟ್ಟಿದ ದಿನವನ್ನು ಹಿಂದಕ್ಕೆ ಎಣಿಸುತ್ತಾರೆ. ಮನೆಯಲ್ಲಿ ಹಸಿ ಬಾಣಂತಿಯನ್ನು ಇಟ್ಟುಕೊಂಡು ಆ ಸಾಲುಗಳನ್ನು ಓದಿದಾಗ ನನಗೆ ಪುಸ್ತಕ ಮುಚ್ಚಿಬಿಡಬೇಕೆನಿಸಿತು. ಮುಚ್ಚಲಿಲ್ಲ. ಗೋಡೆಗೆ ಏರುವುದು ಗಂಡಿನ ಕೊಂಬು, ಮಾತೆಲ್ಲ ಅದರದೇ; ಬೇಟೆಗಾರರ ಪಂಚಾಂಗ ಬರೆದಿರುವುದು ಮಾತ್ರ ತಾಯಿಜಿಂಕೆಗಳ ಬಸಿರಿನಲ್ಲಿ.

ಮೂವತ್ತು ವರ್ಷದಿಂದ ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದೇನೆ. ವಲಸೆಯ ಪಾಠ ಬಂದಾಗ ದಂಡು, ದಾಳಿ, ಬರಗಾಲಗಳ ಇಸವಿ ಬರೆಸುತ್ತೇವೆ. ಮದುವೆಯಾಗಿ ಊರು ಬದಲಿಸಿದ ಹೆಂಗಸರ ಪಯಣಕ್ಕೆ ಇಸವಿಯಿಲ್ಲ. ಅದನ್ನು ಅಡುಗೆಯ ಹದದಲ್ಲಿ, ಹಾಡಿನ ಧಾಟಿಯಲ್ಲಿ, ಹಬ್ಬದ ದಿನದಲ್ಲಿ ಹುಡುಕಬೇಕು. ಪೆಟ್ಟಿಗೆಯಲ್ಲಿ ತುಂಬಿ ತಂದ ಆ ಮಿಶಿಗನ್ ಜಿಂಕೆಗಳ ಕಾಗದಪತ್ರ ನಾಳೆ ಕಳೆದುಹೋದರೂ ಚಿಂತೆಯಿಲ್ಲ. ಜೂನ್ ತಿಂಗಳಲ್ಲಿ ಬ್ಯಾಂಕ್‌ಹೆಡ್ ಕಾಡಿನ ಹುಲ್ಲಿನಲ್ಲಿ ಚುಕ್ಕೆಮೈಯ ಮರಿ ಕಣ್ಣು ಬಿಡುತ್ತದೆ. ದಕ್ಷಿಣದ ಅದರ ನಂಟರ ಮರಿಗಳು ಹುಟ್ಟಲು ಆಗ ಇನ್ನೂ ಎರಡು ತಿಂಗಳಿರುತ್ತದೆ.