ಲ್ಯೂಸೀನ್ ಶೋಧ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳು

ಗ್ರಂಥವೊಂದಕ್ಕೆ ಪದಸೂಚಿಯನ್ನು ಸಿದ್ಧಪಡಿಸುವ ವಿದ್ವಾಂಸನು ತನಗರಿವಿಲ್ಲದೆಯೇ ವ್ಯಾಕರಣಕಾರ್ಯವೊಂದನ್ನು ಮಾಡುತ್ತಾನೆ. ‘ಮನೆಯಲ್ಲಿ’, ‘ಮನೆಗೆ’, ‘ಮನೆಗಳು’ ಎಂಬ ರೂಪಗಳು ಎಲ್ಲಿ ಬಂದಿದ್ದರೂ ಅವನ್ನು ‘ಮನೆ’ ಎಂಬ ಒಂದೇ ಉಲ್ಲೇಖದ ಅಡಿಯಲ್ಲಿ ತರುತ್ತಾನೆ. ಗಣಕಯಂತ್ರದ ಶೋಧಕ್ಕೂ ಇದೇ ಕಾರ್ಯ ಅವಶ್ಯಕ. ಆದರೆ ಯಂತ್ರಕ್ಕೆ ಭಾಷೆಯ ಬಳಕೆ ತಿಳಿಯದಾದುದರಿಂದ ವಿಧಿಗಳನ್ನು ಯಾರಾದರೂ ಬರೆದುಕೊಡಬೇಕು. ಭಾರತೀಯ ಭಾಷೆಗಳಿಗೆ ಸಂಬಂಧಿಸಿದ ವಿಧಿಗಳು ಲ್ಯೂಸೀನ್ ಎಂಬ ಮುಕ್ತ ತಂತ್ರಾಂಶದೊಳಗೆ ಹೇಗೆ ಸೇರಿದುವು, ಅದರಿಂದ ಕನ್ನಡಕ್ಕೆ ದೊರೆತುದೇನು, ದೊರೆಯದೆ ಉಳಿದುದೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪದಾಂತ್ಯದ ಪ್ರತ್ಯಯಗಳನ್ನು ಯಂತ್ರದಿಂದ ಕಳಚುವ ವಿಧಾನವನ್ನು ಮೊದಲು ಪ್ರಕಟಿಸಿದವರು ಜೂಲಿ ಬೆತ್ ಲವಿನ್ಸ್. 1968ರಲ್ಲಿ ಬಂದ ಅವರ ಪ್ರಬಂಧದಲ್ಲಿ ಇಂಗ್ಲಿಷಿನ 294 ಪದಾಂತ್ಯಗಳ ಪಟ್ಟಿಯಿದ್ದಿತು. 1980ರಲ್ಲಿ ಮಾರ್ಟಿನ್ ಪೋರ್ಟರ್ ಇನ್ನೂ ಸರಳವಾದ ವಿಧಾನವೊಂದನ್ನು ಪ್ರಕಟಿಸಿದರು. ಅದು ಬಹುಬೇಗ ಪ್ರಚಾರಕ್ಕೆ ಬಂದಿತಾದರೂ, ಅದನ್ನು ಅನುಸರಿಸಿ ಇತರರು ರಚಿಸಿದ ಕ್ರಮವಿಧಿಗಳಲ್ಲಿ ಅನೇಕವು ಮೂಲಕ್ಕಿಂತ ಭಿನ್ನವಾದ ಫಲವನ್ನು ಕೊಡುತ್ತಿದ್ದುವು. ಈ ಪಾಠಭೇದವನ್ನು ನಿವಾರಿಸಲೆಂದೇ ಪೋರ್ಟರ್ 2001ರಲ್ಲಿ ‘ಸ್ನೋಬಾಲ್’ ಎಂಬ ವ್ಯವಸ್ಥೆಯನ್ನು ಹೊರತಂದರು. ಅದರಲ್ಲಿ ಪ್ರತಿಯೊಂದು ಭಾಷೆಯ ವಿಧಿಯೊಡನೆಯೂ ಮಾದರಿ ಪದಗಳ ಪಟ್ಟಿ ಮತ್ತು ಅವುಗಳಿಂದ ಬರಬೇಕಾದ ರೂಪಗಳ ಪಟ್ಟಿ ಇರುತ್ತವೆ. ವಿಧಿ ಸರಿಯೇ ತಪ್ಪೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಲ್ಯೂಸೀನನ್ನು ಡಗ್ ಕಟಿಂಗ್ 1997ರಲ್ಲಿ ಬರೆಯಲಾರಂಭಿಸಿದರು. ಅದು 2001ರಲ್ಲಿ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದಿತು. ಸೋಲರ್, ಎಲಾಸ್ಟಿಕ್‌ಸರ್ಚ್ ಎಂಬ ಪ್ರಸಿದ್ಧ ಶೋಧವ್ಯವಸ್ಥೆಗಳು ಇದರ ಮೇಲೆಯೇ ನಿಂತಿವೆ. ಇಂತಹ ತಂತ್ರಾಂಶಕ್ಕೆ ಹೊಸ ವಿಧಿಯನ್ನು ಸೇರಿಸಬಯಸುವವನು ತನ್ನ ಬರವಣಿಗೆಯನ್ನು ಎಲ್ಲರೂ ಕಾಣುವಂತೆ ಸಲ್ಲಿಸಬೇಕು, ಪರೀಕ್ಷಾಪದಗಳನ್ನು ಒದಗಿಸಬೇಕು, ಅದನ್ನು ಯಾರಾದರೂ ಬಳಸಲು ಅನುಮತಿ ನೀಡಬೇಕು. ಬಳಿಕ ಅದು ಪರಿಶೀಲನೆಗೆ ಒಳಗಾಗುತ್ತದೆ. ಇಲ್ಲಿ ಎಚ್ಚರಿಕೆ ಅಗತ್ಯ. ಏಕೆಂದರೆ ಸೂಚಿಯಲ್ಲಿ ಸಂಗ್ರಹವಾಗುವುದು ಸಂಸ್ಕರಿಸಿದ ಪದರೂಪ. ಹಳೆಯ ವಿಧಿಯಿಂದ ಕಟ್ಟಿದ ಸೂಚಿಯನ್ನು ಹೊಸ ವಿಧಿಯಿಂದ ಹುಡುಕಿದರೆ, ಇರುವ ಪದವೂ ಇಲ್ಲವೆಂದು ತೋರಬಹುದು.

ಭಾರತೀಯ ಭಾಷೆಗಳಿಗೆ ಎದುರಾದ ಮೊದಲ ತೊಡಕು ವ್ಯಾಕರಣದ್ದಲ್ಲ, ಲಿಪಿಯದು. ಯೂನಿಕೋಡಿನಲ್ಲಿ ವ್ಯಂಜನಕ್ಕೆ ‘ಅಕ್ಷರ’ವೆಂಬ ವರ್ಗ, ಸ್ವರಚಿಹ್ನೆಗೂ ವಿರಾಮಕ್ಕೂ ‘ಸಂಯೋಜಕ ಚಿಹ್ನೆ’ಯೆಂಬ ಬೇರೆ ವರ್ಗ. ಅಕ್ಷರಗಳ ಅವಿಚ್ಛಿನ್ನ ಸಾಲೇ ಪದವೆಂದು ಭಾವಿಸುವ ಪದವಿಭಾಜಕಕ್ಕೆ ‘ಮನೆಯಲ್ಲಿ’ ಎಂಬುದನ್ನು ಕೊಟ್ಟರೆ ‘ಮನ’, ‘ಯಲ’, ‘ಲ’ ಎಂಬ ಮೂರು ತುಂಡುಗಳು ದೊರೆಯುತ್ತವೆ. ‘ಮನೆ’ಯೂ ‘ಮನ’ವೂ ಒಂದೇ ಆಗುತ್ತವೆ. ಈ ಲಕ್ಷಣವನ್ನು ರೂಪಿಸಿದವರ ಎದುರಿಗೆ ಇದ್ದುದು ಯೂರೋಪಿನ ಲಿಪಿಗಳೆಂಬುದು ಇದರಿಂದ ಸ್ಪಷ್ಟ.

2011ರ ಮಾರ್ಚಿಯಲ್ಲಿ ಹೊರಬಂದ ಲ್ಯೂಸೀನಿನ 3.1ನೆಯ ಆವೃತ್ತಿ ಈ ಚರಿತ್ರೆಯಲ್ಲಿ ಮುಖ್ಯವಾದುದು. ಸಂಯೋಜಕ ಚಿಹ್ನೆಗಳನ್ನೂ ಪದಾಂಗವೆಂದು ಗಣಿಸುವ ಭಾರತೀಯ ಪದವಿಭಾಜಕ, ಭಾರತೀಯ ಲಿಪಿಗಳ ಬರಹವನ್ನು ಏಕರೂಪಗೊಳಿಸುವ ಸಾಮಾನ್ಯ ವಿಧಿ, ಮತ್ತು ಹಿಂದೀ ಭಾಷೆಯ ವಿಶ್ಲೇಷಕ—ಈ ಮೂರೂ ಅದರಲ್ಲಿ ಸೇರಿದುವು. ಹಿಂದಿಯ ಪ್ರತ್ಯಯಲೋಪಕ್ಕೆ ಆಧಾರವಾದುದು ರಾಮನಾಥನ್ ಮತ್ತು ರಾವ್ 2003ರಲ್ಲಿ ಪ್ರಕಟಿಸಿದ ಪ್ರಬಂಧ; ಕಾಗುಣಿತದ ಏಕರೂಪತೆಗೆ ಆಧಾರ ಪಿಂಗಳಿ ಮತ್ತು ವರ್ಮ ಅವರ ಪ್ರಬಂಧ. ವಿಧಿಗಳನ್ನು ಸ್ಪಷ್ಟವಾಗಿ ನಿರೂಪಿಸಿದ ಪ್ರಬಂಧವೊಂದು ಅಚ್ಚಾಗಿದ್ದರೆ ಅದನ್ನು ಕ್ರಮವಿಧಿಯಾಗಿ ಪರಿವರ್ತಿಸಲು ಪರರೂ ಸಮರ್ಥರಾಗುತ್ತಾರೆಂಬುದಕ್ಕೆ ಇದು ನಿದರ್ಶನ.

ಈ ಮೂರರ ಗತಿಯೂ ಬೇರೆ ಬೇರೆಯಾಯಿತು. ಭಾರತೀಯ ಪದವಿಭಾಜಕವು ಒಂದೆರಡು ವರ್ಷಗಳಲ್ಲೇ ಮರೆಯಾಯಿತು. ಅದು ಸೋತುದರಿಂದಲ್ಲ, ಅದೇ 3.1ನೆಯ ಆವೃತ್ತಿಯಲ್ಲಿ ಲ್ಯೂಸೀನಿನ ಸಾಮಾನ್ಯ ಪದವಿಭಾಜಕವೂ ಯೂನಿಕೋಡಿನ ಪದಸೀಮಾನಿಯಮವನ್ನು ಅಂಗೀಕರಿಸಿದುದರಿಂದ. ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಉತ್ಸರ್ಗವೇ ತಿದ್ದುಪಡಿಯಾದ ಮೇಲೆ ಅಪವಾದಕ್ಕೆ ಎಡೆಯಿಲ್ಲ.

ಏಕರೂಪತೆಯ ವಿಧಿಯಾದರೋ ಉಳಿಯಿತು. ಕನ್ನಡ ಲಿಪಿಯೂ ಅದರ ವ್ಯಾಪ್ತಿಯಲ್ಲಿದೆ. ಇದಕ್ಕೆ ಕಾರಣ ಇಸ್ಕೀ ಎಂಬ ಭಾರತೀಯ ಸಂಕೇತಕ್ರಮದಿಂದ ಯೂನಿಕೋಡಿಗೆ ಬಂದ ಸಮಾನ ವಿನ್ಯಾಸ. ದೇವನಾಗರಿ, ತೆಲುಗು, ಕನ್ನಡ ಮೊದಲಾದ ಲಿಪಿಗಳಿಗೆ 128 ಸ್ಥಾನಗಳ ಒಂದೊಂದು ವಿಭಾಗ. ಶೂನ್ಯದಿಂದ ಎಣಿಸಿದರೆ ಈ ಮೂರರಲ್ಲಿಯೂ ಕಕಾರವು 21ನೆಯದು. ಆದುದರಿಂದ ಒಂದು ಲಿಪಿಗೆ ಪಟ್ಟ ಶ್ರಮ ಉಳಿದವುಗಳಿಗೂ ಒದಗಿತು.

ಪ್ರತ್ಯಯಲೋಪದ ಸ್ಥಿತಿ ಹೀಗಲ್ಲ. ಅದು ಆಯಾ ಭಾಷೆಯ ಸ್ವತ್ತು. ಹಿಂದೀ ವಿಧಿಯು ದೀರ್ಘವಾದ ಪ್ರತ್ಯಯವನ್ನು ಮೊದಲು ಪರೀಕ್ಷಿಸಿ, ಕನಿಷ್ಠ ಎರಡು ಸಂಕೇತಗಳಾದರೂ ಉಳಿಯುವಂತಿದ್ದರೆ ಅದನ್ನು ಕಳಚುತ್ತದೆ. ಇದೇ ಮಾದರಿಯನ್ನು ಕನ್ನಡಕ್ಕೆ ಅನ್ವಯಿಸಿ ನೋಡೋಣ. ‘ಅಲ್ಲಿ’ ಪ್ರತ್ಯಯದ ಅಕಾರವು ಹಿಂದಿನ ವ್ಯಂಜನದಲ್ಲಿ ಅಡಗುವುದರಿಂದ ಯಂತ್ರಕ್ಕೆ ಕಾಣುವುದು ‘ಲ್ಲಿ’ ಮಾತ್ರ. ‘ಹಲ್ಲಿ’ಯಲ್ಲಿ ಅದನ್ನು ಕಳೆದರೆ ಒಂದೇ ಸಂಕೇತ ಉಳಿಯುವುದರಿಂದ ಆ ಪದ ಪಾರಾಗುತ್ತದೆ. ಆದರೆ ‘ಗಳು’ ಎಂಬುದನ್ನು ಬಹುವಚನವೆಂದು ಕಳಚಿದರೆ ‘ತಿಂಗಳು’ ‘ತಿಂ’ ಆಗಿಬಿಡುತ್ತದೆ. ‘ಊರಿನಲ್ಲಿ’ ಎಂಬುದರಿಂದ ‘ಇನಲ್ಲಿ’ಯನ್ನು ತೆಗೆದರೆ ಉಳಿಯುವುದು ‘ಊರ’; ಪ್ರಥಮೆಯ ರೂಪ ‘ಊರು’. ಲೋಪಸಂಧಿಯನ್ನು ಅರಿಯದ ವಿಧಿಗೆ ಇವೆರಡೂ ಬೇರೆ ಪದಗಳೇ. ‘ಮನೆಯ’ ಎಂಬಲ್ಲಿನ ಯಕಾರಾಗಮ, ‘ಮರವನ್ನು’ ಎಂಬಲ್ಲಿನ ವಕಾರಾಗಮಗಳಿಗೂ ಇದೇ ಮಾತು ಸಲ್ಲುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಸಂಧಿ, ನಾಮಪ್ರಕರಣಗಳಲ್ಲಿ ವಿವೇಚಿಸಿದ ವಿಷಯಗಳೇ ಇಲ್ಲಿ ಯಂತ್ರದ ಮುಂದೆ ಮತ್ತೆ ಪ್ರಶ್ನೆಗಳಾಗಿ ನಿಲ್ಲುತ್ತವೆ.

3.1ನೆಯ ಆವೃತ್ತಿಯಲ್ಲಿ ಕನ್ನಡಕ್ಕೆ ಪ್ರತ್ಯೇಕ ವಿಶ್ಲೇಷಕವಿರಲಿಲ್ಲ. 2017ರ 7.1ನೆಯ ಆವೃತ್ತಿಯಲ್ಲಿ ಬಂಗಾಳಿಗೆ ವಿಶ್ಲೇಷಕ ದೊರೆಯಿತು. 2019ರಲ್ಲಿ ಬಂದ ಸ್ನೋಬಾಲಿನ 2.0ನೆಯ ಆವೃತ್ತಿಯಲ್ಲಿ ಹಿಂದೀ, ನೇಪಾಳಿ, ತಮಿಳುಗಳಿದ್ದುವು, ಕನ್ನಡವಿರಲಿಲ್ಲ. ಪ್ರತ್ಯಯಗಳನ್ನು ಸಾಲಾಗಿ ಜೋಡಿಸುವ ದ್ರಾವಿಡ ಭಾಷೆಯೇ ಆದ ತಮಿಳಿಗೆ ಸ್ಥಾನ ದೊರೆತಿರುವಾಗ, ಕನ್ನಡದ ಜಟಿಲತೆಯೊಂದೇ ಅದರ ಅಭಾವಕ್ಕೆ ಕಾರಣವೆನ್ನಲಾಗದು.

ಇದುವರೆಗಿನ ವಿವೇಚನೆಯಿಂದ ತಿಳಿದುಬರುವುದಿಷ್ಟು: ಪದಸೀಮೆಯು ಸಾಮಾನ್ಯ ನಿಯಮದಿಂದಲೂ ಲಿಪಿಯ ಏಕರೂಪತೆಯು ಸೋದರ ಲಿಪಿಗಳ ಸಾಮ್ಯದಿಂದಲೂ ಕನ್ನಡಕ್ಕೆ ಪರರ ಶ್ರಮದ ಫಲವಾಗಿ ದೊರೆತುವು. ಪ್ರಕೃತಿ-ಪ್ರತ್ಯಯ ವಿಭಾಗವು ಹಾಗೆ ದೊರೆಯತಕ್ಕುದಲ್ಲ. ಅದಕ್ಕೆ ಬೇಕಾದುದು ಪ್ರತ್ಯಯಗಳ ಕ್ರಮಬದ್ಧವಾದ ನಿರೂಪಣೆ, ‘ತಿಂಗಳು’ ಮೊದಲಾದ ಅಪವಾದಗಳ ಪಟ್ಟಿ, ಯಾರೂ ಬಳಸಬಹುದಾದ ಪರೀಕ್ಷಾಪದಗಳ ಸಂಗ್ರಹ. ಕ್ರಮವಿಧಿಯನ್ನು ಬರೆಯುವವರು ಎಲ್ಲಿಯಾದರೂ ದೊರೆತಾರು. ಈ ಸಾಮಗ್ರಿಯನ್ನು ಸಿದ್ಧಗೊಳಿಸಬೇಕಾದವರು ಕನ್ನಡ ವ್ಯಾಕರಣವನ್ನು ಬಲ್ಲವರೇ.